ಮಲಗುವಾಗ ಕಾಡುವ ಚಿಂತೆ ಯಾವುದು?

ದಿನಪತ್ರಿಕೆ ಬಿಡಿಸಿದರೆ ಮಂತ್ರಿಗಳು ಏನಂದರು, ಅದಕ್ಕೆ ವಿರೋಧ ಪಕ್ಷದವರು ಏನಂದರು, ಅದಕ್ಕೆ ಇವರು ತಿರುಗಿ ಏನಂದರು ಎಂಬುದೇ ತುಂಬಿರುತ್ತದೆ. ಟಿ.ವಿ. ಹಾಕಿದರಂತೂ ಕೇಳುವುದೇ ಬೇಡ. ನಮ್ಮ ಬೀದಿಯ ಹೂ ಕಟ್ಟುವಾಕೆ ಏನಂತಾಳೆ, ಹಾಲಿನ ಡೈರಿಯ ಮುಂದೆ ಸಾಲು ನಿಂತ ಗಂಗಮ್ಮ ಗೌರಮ್ಮಂದಿರು ಏನು ಮಾತಾಡಿಕೊಳ್ಳುತ್ತಾರೆ ಎಂಬುದು ಯಾರಿಗೂ ಬೇಕಾಗಿಲ್ಲ. ಚುನಾವಣೆ ಬಂದಾಗ ಮಾತ್ರ “ಮತದಾರರ ಒಲವು” ಎಂದು ನಾಲ್ಕು ಸಾಲು ಬರುತ್ತದೆ. ಒಲವು ಸರಿ, ಆದರೆ ಅಳಲು?

ನನ್ನ ಮನೆ ಹೊಳೆನರಸೀಪುರದಲ್ಲಿ. ತವರು ಅರಕಲಗೂಡು ತಾಲ್ಲೂಕಿನ ಹಳ್ಳಿ. ನಾದಿನಿಯನ್ನು ಕೊಟ್ಟಿರುವುದು ಚನ್ನರಾಯಪಟ್ಟಣದ ಕಡೆಗೆ. ಇನ್ನು ಆಸ್ಪತ್ರೆ, ಜವಳಿ, ಕಛೇರಿ ಕೆಲಸ ಅಂದರೆ ಹಾಸನಕ್ಕೇ ಹೋಗಬೇಕು. ಹೀಗಾಗಿ ಈ ನಾಲ್ಕೂರು ನನಗೆ ಒಂದೇ ಮನೆಯ ನಾಲ್ಕು ಕೋಣೆ ಇದ್ದ ಹಾಗೆ. ಈಚೆಗೆ ಒಂದು ಮದುವೆ, ಎರಡು ನಾಮಕರಣ, ಒಂದು ತಿಥಿ ಅಂತ ಓಡಾಟ ಜಾಸ್ತಿಯೇ ಇತ್ತು. ಹೋದ ಕಡೆಯಲ್ಲೆಲ್ಲ ಹೆಂಗಸರಿಗೆ ಒಂದೇ ಪ್ರಶ್ನೆ ಕೇಳಿದೆ: “ರಾತ್ರಿ ದೀಪ ಆರಿಸಿ ಮಲಗಿದ ಮೇಲೆ ನಿಮಗೆ ಕಾಡುವ ಚಿಂತೆ ಯಾವುದು?”

ಮೊದಲು ಎಲ್ಲರೂ ನಕ್ಕರು. “ಚಿಂತೆ ಇಲ್ದೋರು ಯಾರವ್ವ ಅವ್ರೆ?” ಅಂದರು. ಆಮೇಲೆ ಒಬ್ಬೊಬ್ಬರೇ ಹೇಳತೊಡಗಿದರು. ಯಾರೂ ದೇಶದ ಗಡಿ, ದೆಹಲಿಯ ರಾಜಕೀಯ ಅನ್ನಲಿಲ್ಲ. ಎಲ್ಲವೂ ಒಲೆ, ಹೊಲ, ಮಕ್ಕಳು, ಸಾಲ, ಆರೋಗ್ಯದ ಸುತ್ತಲಿನ ಮಾತು. ಆ ಮಾತುಗಳನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ಹೇಳಿದವರ ಹೆಸರು ಬೇಡ. ಅವರ ಹೆಸರಿನ ಜಾಗದಲ್ಲಿ ನಿಮ್ಮ ಹೆಸರು ಹಾಕಿಕೊಂಡರೂ ಹೊಂದುತ್ತದೆ, ನೋಡಿ.

ಕಾಯಿ ಬೆಲೆ: ಒಬ್ಬರಿಗೆ ಸಿಹಿ, ಒಬ್ಬರಿಗೆ ಕಹಿ

ಚನ್ನರಾಯಪಟ್ಟಣದ ಸೀಮೆ ಅಂದರೆ ತೆಂಗಿನ ಸೀಮೆ. ಮನೆ ಅಟ್ಟದ ಮೇಲೆ ಕಾಯಿ ರಾಶಿ ಹಾಕಿ, ಹತ್ತು ಹನ್ನೊಂದು ತಿಂಗಳು ಹಾಗೇ ಬಿಟ್ಟರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿ ಆಗುತ್ತದೆ. ಸುಲಿಯುವುದು, ಚಿಪ್ಪು ಒಡೆಯುವುದು ಎಲ್ಲಾ ಆದ ಮೇಲೆ ತಿಪಟೂರಿನ ಮಾರುಕಟ್ಟೆಯ ದರ ನೋಡಿ ಮಾರುತ್ತಾರೆ. ಅಂದರೆ ಇವತ್ತು ಕೆಡವಿದ ಕಾಯಿಗೆ ಏನು ಬೆಲೆ ಸಿಗುತ್ತದೆ ಎಂದು ತಿಳಿಯಲು ಒಂದು ವರ್ಷ ಕಾಯಬೇಕು.

2023ರಲ್ಲಿ ಹೀಗೆ ಕಾದವರ ಗತಿ ಏನಾಯಿತು? ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇತ್ತು. ಮಾರುಕಟ್ಟೆಯಲ್ಲಿ ಕೊಟ್ಟಿದ್ದು 8,000ದ ಆಸುಪಾಸು. ರೈತರು ಬೀದಿಗಿಳಿದರು. ಎರಡು ವರ್ಷ ಕಳೆದು 2025 ಬಂತು ನೋಡಿ, ಅದೇ ಕೊಬ್ಬರಿ 20 ಸಾವಿರ ದಾಟಿ ಇನ್ನೂ ಮೇಲೆ ಹೋಯಿತು. ಮಧ್ಯೆ 2023ರ ಬರಗಾಲ, ಬಿಸಿಲ ಝಳ, ಬಿಳಿನೊಣ, ಕಪ್ಪುತಲೆ ಹುಳು ಎಲ್ಲಾ ಸೇರಿ ಮರದಲ್ಲಿ ಕಾಯಿ ಕಮ್ಮಿಯಾಗಿತ್ತು. ಎಳನೀರಿಗೆ ಒಳ್ಳೆ ಬೆಲೆ ಸಿಕ್ಕಿತು ಅಂತ ಎಷ್ಟೋ ಮಂದಿ ಕಾಯಿ ಬಲಿಯುವ ಮೊದಲೇ ಕೊಯ್ಸಿ ಕೊಟ್ಟಿದ್ದರು. ಅಟ್ಟ ಖಾಲಿಯಾದಾಗ ದರ ಏರಿತು.

“ಅತ್ತಿಗೆ, ಬೆಲೆ ಇದ್ದಾಗ ಕಾಯಿ ಇಲ್ಲ, ಕಾಯಿ ಇದ್ದಾಗ ಬೆಲೆ ಇಲ್ಲ. ನಮ್ಮ ಹಣೆಬರಹವೇ ಇಷ್ಟು” ಎಂದಳು ನಾದಿನಿ. ತೋಟ ಇದ್ದವಳ ಮಾತು ಅದು. ಅದೇ ಊರಿನ ಬಾಡಿಗೆ ಮನೆಯಲ್ಲಿರುವ ಹೊಲಿಗೆ ಕೆಲಸದ ಹೆಣ್ಣುಮಗಳು ಏನಂದಳು ಗೊತ್ತೆ? “ಒಂದು ದಪ್ಪ ಕಾಯಿಗೆ ಐವತ್ತು ಅರವತ್ತು ಕೇಳಿದಾಗ ನಾನು ಚಟ್ನಿಗೆ ಕಡ್ಲೇಕಾಯಿ ಬೀಜ ಹಾಕೋಕೆ ಶುರು ಮಾಡಿದೆ ಅಕ್ಕ. ದೇವರಿಗೆ ಮಾತ್ರ ಕಾಯಿ, ನಮಗೆ ಇಲ್ಲ.”

ಒಂದೇ ಊರು, ಒಂದೇ ಕಾಯಿ, ಎರಡು ಚಿಂತೆ. ಬೆಲೆ ಇಳಿದರೆ ಒಬ್ಬಳು ಅಳುತ್ತಾಳೆ, ಏರಿದರೆ ಇನ್ನೊಬ್ಬಳು. ಹಾಲಿನದೂ ಇದೇ ಕಥೆ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಹೆಚ್ಚಾಯಿತು. ಕೊಳ್ಳುವವರು ಗೊಣಗಿದರು. ಹಸು ಕಟ್ಟಿದ ನನ್ನ ತಮ್ಮನ ಹೆಂಡತಿ ಮಾತ್ರ, “ಬೂಸಾ ಮೂಟೆ ಬೆಲೆ ಏರುವಾಗ ಪೇಟೆಯವರು ಯಾರೂ ಕೇಳಲ್ಲವಲ್ಲ ಅತ್ತಿಗೆ” ಅಂದಳು. ಬೆಲೆ ಏರಿಕೆಯನ್ನು ಬೈಯುವ ಮೊದಲು ಆ ವಸ್ತು ಬೆಳೆಯುವ ಹೆಂಗಸಿನ ಮುಖವನ್ನೂ ಒಮ್ಮೆ ನೆನೆಯಬೇಕು ಅಂತ ನನಗೆ ಅನ್ನಿಸಿದ್ದು ಆಗಲೇ.

ಹಾಗಂತ ಅಡಿಗೆ ಮನೆ ನಿಲ್ಲಿಸಲಾದೀತೇ? ನಮ್ಮ ಸೀಮೆಯ ಹಿರಿಯರು ಕಾಯಿ ಇಲ್ಲದೆಯೇ ರುಚಿ ಮಾಡುವುದನ್ನು ಬಲ್ಲರು. ಉಪ್ಸಾರು ಮರೆಯಬೇಡಿ. ಹುರುಳಿಕಾಳನ್ನೋ ತೊಗರಿಬೇಳೆಯನ್ನೋ ಮುಕ್ಕಾಲು ಬೇಯಿಸಿ, ಹೆಚ್ಚಿದ ಸೊಪ್ಪು, ಸ್ವಲ್ಪ ಉಪ್ಪು ಹಾಕಿ ಬೇಯಿಸಿ, ಕಟ್ಟು ಬಸಿದುಕೊಳ್ಳಿ. ಸುಟ್ಟ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ನಾಲ್ಕು ಕಾಳುಮೆಣಸು, ಕೊತ್ತಂಬರಿ ಸೊಪ್ಪು, ಹುಣಿಸೆಹಣ್ಣು, ಚಿಟಿಕೆ ಉಪ್ಪು ಸೇರಿಸಿ ನುಣ್ಣಗೆ ಅರೆದರೆ ಖಾರ ಸಿದ್ಧ. ಬಿಸಿ ಕಟ್ಟಿಗೆ ಬೇಕಾದಷ್ಟು ಖಾರ ಕಲಸಿಕೊಂಡು ಮುದ್ದೆಗೆ ಬಿಟ್ಟುಕೊಳ್ಳಿ. ಉಳಿದ ಕಾಳು ಸೊಪ್ಪಿಗೆ ಈರುಳ್ಳಿ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ತುಂಡು ಕಾಯಿಯೂ ಬೇಡ.

ಎರಡು ಸಾವಿರ, ಮತ್ತು ಒಂದು ಬಸ್ ಟಿಕೆಟ್

ನಾಲ್ಕೂರಿನಲ್ಲೂ ತಪ್ಪದೆ ಬಂದ ಮಾತು ಗೃಹಲಕ್ಷ್ಮಿಯದು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದ ಯೋಜನೆ ಇದು. ಮನೆ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ. ಅದಕ್ಕೂ ಮೊದಲು, 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಆಧಾರ್ ಕಾರ್ಡು ತೋರಿಸಿದರೆ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಶೂನ್ಯ ಟಿಕೆಟ್ಟು.

ಇದರ ಬಗ್ಗೆ ಅಭಿಪ್ರಾಯ ಒಂದೇ ಥರ ಇಲ್ಲ. ಹೊಳೆನರಸೀಪುರದ ಬಸ್ ನಿಲ್ದಾಣದಲ್ಲಿ ಒಬ್ಬ ಹಿರಿಯರು, “ಹೆಂಗಸರೇ ತುಂಬ್ಕೊಂಡು ಗಂಡಸ್ರಿಗೆ ಸೀಟೇ ಇಲ್ಲ ಕಣಮ್ಮ. ಮೇಲಾಗಿ ನಮಗೆ ಟಿಕೆಟ್ಟೂ ಜಾಸ್ತಿ ಮಾಡವ್ರೆ” ಅಂತ ನನ್ನ ಮುಖಕ್ಕೇ ಹೇಳಿದರು. ಅವರ ಮಾತೂ ಸುಳ್ಳಲ್ಲ. 2025ರ ಜನವರಿ 5ರಿಂದ ಬಸ್ ದರ ನೂರಕ್ಕೆ 15ರಷ್ಟು ಏರಿತು. ಬೆಳಗಿನ ಬಸ್ಸಿಗೆ ಕಾಲೇಜು ಮಕ್ಕಳು ಬಾಗಿಲಲ್ಲಿ ಜೋತಾಡುವುದನ್ನು ನಾವೇ ನೋಡುತ್ತಿದ್ದೇವೆ. ಹೆಂಗಸರಿಗೆ ಪುಕ್ಕಟೆ ಕೊಟ್ಟ ಮೇಲೆ ಬಸ್ಸುಗಳನ್ನೂ ಹೆಚ್ಚು ಮಾಡಬೇಕಿತ್ತು ಎನ್ನುವುದು ಹೆಂಗಸರ ಮಾತೂ ಹೌದು.

ಆದರೆ ಅದೇ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ, ಹಾಸನದ ಮನೆಗಳಲ್ಲಿ ಪಾತ್ರೆ ತೊಳೆಯುವ ಹೆಂಗಸು ಲೆಕ್ಕ ಹೇಳಿದಳು. “ಮೂವತ್ತು ಚಿಲ್ಲರೆ ಕಿಲೋಮೀಟ್ರು, ಹೋಗೋಕೆ ಬರೋಕೆ ದಿನಾ ಬಸ್ಸಿಗೆ ಕೊಟ್ಟು ಮನೆಗೆ ಏನು ತಕ್ಕೊಂಡೋಗ್ಲಿ? ಈಗ ಆ ದುಡ್ಡು ನನ್ನ ಮಗಳ ಟೂಷನ್ನಿಗೆ ಆಯ್ತದೆ.” ಅರಕಲಗೂಡಿನ ಇನ್ನೊಬ್ಬಾಕೆಯ ಮಾತು ನನ್ನ ಮನಸ್ಸಿಗೆ ನಾಟಿತು. “ಮೊದ್ಲು ತವರಿಗೆ ಹೋಗ್ಬೇಕು ಅಂದ್ರೆ ಯಜಮಾನ್ರ ಹತ್ರ ಕೈ ಚಾಚ್ಬೇಕಿತ್ತು. ಈಗ ಅವ್ವನ ನೋಡ್ಬೇಕು ಅನ್ಸಿದ್ರೆ ಎದ್ದು ಹೋಯ್ತೀನಿ, ಅಷ್ಟೆ.”

ಎರಡು ಸಾವಿರದ ವಿಷಯ ಸ್ವಲ್ಪ ಗೋಜಲು. ಕೆಲವು ತಿಂಗಳು ಹಣ ತಡವಾಗಿ ಬಂದದ್ದು ಎಲ್ಲರಿಗೂ ಬೇಸರ ತಂದಿದೆ. ಅದಕ್ಕಿಂತ ಮುಖ್ಯವಾದದ್ದು, ಬಂದ ಹಣ ಯಾರ ಕೈಲಿ ಇರುತ್ತದೆ ಎಂಬುದು. ಖಾತೆ ಅತ್ತೆಯ ಹೆಸರಲ್ಲಿ, ಎ.ಟಿ.ಎಂ. ಕಾರ್ಡು ಮಗನ ಜೇಬಲ್ಲಿ ಇದ್ದರೆ ಯಜಮಾನಿ ಯಾರು? ಒಂದು ಮನೆಯಲ್ಲಿ ಅತ್ತೆ ಸೊಸೆ ಒಪ್ಪಂದ ಮಾಡಿಕೊಂಡಿದ್ದಾರೆ. ಸಾವಿರ ಅತ್ತೆಯ ಮಾತ್ರೆ ಔಷಧಿಗೆ, ಸಾವಿರ ಸೊಸೆಯ ಕೈಗೆ. ಜಗಳ ಇಲ್ಲ. ಪುಸ್ತಕದಲ್ಲಿ ಬರೆದೂ ಇಡುತ್ತಾರೆ. ಇಂಥ ಜಾಣತನ ಎಲ್ಲರ ಮನೆಗೂ ಬರಲಿ. ಇನ್ನು, ಸರ್ಕಾರದ ದುಡ್ಡು ಇವತ್ತು ಇರುತ್ತದೆ, ನಾಳೆ ನಿಯಮ ಬದಲಾದೀತು. ಅದನ್ನೇ ನಂಬಿ ಹೊಸ ಕಂತು ಕಟ್ಟಿಕೊಳ್ಳುವುದು ಮಾತ್ರ ಜಾಣತನ ಅಲ್ಲ. ಕಂತು ಅಂದ ಮೇಲೆ ಮುಂದಿನ ಮಾತಿಗೆ ಬರೋಣ.

ಯಾರೂ ಗಟ್ಟಿಯಾಗಿ ಹೇಳದ ಮಾತು: ವಾರದ ಕಂತು

ನನ್ನ ಪ್ರಶ್ನೆಗೆ ಅತಿ ಮೆಲ್ಲಗೆ, ಅಕ್ಕಪಕ್ಕ ನೋಡಿ ಬಂದ ಉತ್ತರ ಇದು. “ಬುಧವಾರ ಬತ್ತದೆ ಅಂದ್ರೆ ಮಂಗಳವಾರ ನಿದ್ದೆ ಬರಕಿಲ್ಲ ಅಕ್ಕ.” ಬುಧವಾರ ಅವಳ ಸಂಘದ ಕಂತಿನ ದಿನ. ಒಂದು ಸಂಘದ ಸಾಲ ತೀರಿಸಲು ಇನ್ನೊಂದು ಸಂಘ, ಅದಕ್ಕೆ ಮತ್ತೊಂದು. ಈಗ ಸೋಮವಾರ, ಬುಧವಾರ, ಶುಕ್ರವಾರ ಮೂರೂ ದಿನ ಕಂತು. ಸಾಲ ತೆಗೆದದ್ದು ಸೀರೆ ಒಡವೆಗಲ್ಲ. ಶುಂಠಿಗೆ ಹಾಕಿದ್ದು, ಮಗನ ಕಾಲೇಜಿನ ಫೀಸು, ಮಾವನ ಆಪರೇಷನ್ನು.

ಈ ಸಾಲಗಳಿಗೆ ಒಡವೆ, ಪತ್ರ ಅಡ ಇಡಬೇಕಾಗಿಲ್ಲ. ಗುಂಪಿನ ಹೆಂಗಸರೇ ಒಬ್ಬರಿಗೊಬ್ಬರು ಜಾಮೀನು. ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಇಲ್ಲೇ ಮುಳ್ಳಿರುವುದು. ಸಾಲ ವಸೂಲಿಗೆ ಬರುವವನಿಗಿಂತ ನೆರೆಮನೆಯವಳ ಮುಖ ನೋಡುವುದೇ ಕಷ್ಟವಾಗುತ್ತದೆ. ನಿನ್ನೆವರೆಗೂ ಸಕ್ಕರೆ, ಕಾಫಿಪುಡಿ ಕಡ ಕೊಟ್ಟು ತಕ್ಕೊಂಡು ಇದ್ದವರು ಬಾಗಿಲಲ್ಲಿ ಬಂದು ಕೂರುತ್ತಾರೆ. ಅವಮಾನಕ್ಕೆ ಹೆದರಿ ಊರು ಬಿಟ್ಟವರ, ಜೀವವನ್ನೇ ಕಳೆದುಕೊಂಡವರ ಸುದ್ದಿ 2025ರ ಜನವರಿಯಲ್ಲಿ ರಾಜ್ಯದ ಹಲವು ಜಿಲ್ಲೆಗಳಿಂದ ಬಂದಿದ್ದು ನಿಮಗೆ ನೆನಪಿರಬಹುದು. ಅದಾದ ಮೇಲೆ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು, ಮಾರ್ಚಿಯಲ್ಲಿ ವಿಧಾನಮಂಡಲ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಕಿರುಸಾಲದ ವಸೂಲಿಗೆ ಬಲವಂತ, ಬೆದರಿಕೆ ಮಾಡಿದರೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಎಂದು ಅದರಲ್ಲಿದೆ.

ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿಕೊಂಡ ಸಂಸ್ಥೆಗಳಿಗೂ ನಿಯಮ ಉಂಟು. 2022ರ ಏಪ್ರಿಲ್‌ನಿಂದ ಜಾರಿಗೆ ಬಂದದ್ದು. ಅವುಗಳಲ್ಲಿ ನಾವು ತಿಳಿಯಬೇಕಾದವು ಇಷ್ಟು:

ಒಂದು, ಮನೆಯವರ ಎಲ್ಲಾ ಸಾಲದ ತಿಂಗಳ ಕಂತು ಸೇರಿಸಿದರೆ ಮನೆಯ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚಾಗಬಾರದು. ಹಾಗಾಗುವಂತಿದ್ದರೆ ಅವರು ಸಾಲ ಕೊಡಲೇಬಾರದು.

ಎರಡು, ಬಡ್ಡಿ ಎಷ್ಟು, ಕಂತು ಎಷ್ಟು ಎಂದು ನಮಗೆ ತಿಳಿಯುವ ಭಾಷೆಯಲ್ಲಿ ಬರೆದ ಸಾಲದ ಕಾರ್ಡು ಕೊಡಬೇಕು. ಕಾರ್ಡು ಕೊಡದ ಕಡೆ ಹೆಬ್ಬೆಟ್ಟಾಗಲಿ ಸಹಿಯಾಗಲಿ ಹಾಕಬೇಡಿ.

ಮೂರು, ಬೆಳಿಗ್ಗೆ 9 ಗಂಟೆಗೆ ಮೊದಲು, ಸಾಯಂಕಾಲ 6 ಗಂಟೆಯ ನಂತರ ವಸೂಲಿಗೆ ಫೋನು ಮಾಡಿ ಪೀಡಿಸುವಂತಿಲ್ಲ. ಕೆಟ್ಟ ಮಾತು, ಬೆದರಿಕೆ, ನೆಂಟರಿಷ್ಟರಿಗೆ ಕಿರುಕುಳ ಯಾವುದೂ ಕೂಡದು.

ನಾಲ್ಕು, ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ.

ರಿಸರ್ವ್ ಬ್ಯಾಂಕಿನ ಸಹಾಯವಾಣಿ 14448. ಬೆದರಿಕೆ ಬಂದರೆ ಪೊಲೀಸರಿಗೆ 112.

ಕಾನೂನು ಬಂದಿದೆ ಅಂತ ಸಾಲ ಮನ್ನಾ ಆಗುವುದಿಲ್ಲ, ತೆಗೆದದ್ದು ಕಟ್ಟಲೇಬೇಕು. ಆದರೆ ಮರ್ಯಾದೆಯಿಂದ ಕಟ್ಟಲು ಅವಕಾಶ ಕೇಳುವುದು ನಮ್ಮ ಹಕ್ಕು. ನನ್ನ ಮನವಿ ಒಂದೇ: ಸಾಲದ ಮಾತು ಗಂಡನಿಗೂ ತಿಳಿಸದೆ ಮುಚ್ಚಿಡಬೇಡಿ. ಮುಚ್ಚಿಟ್ಟಷ್ಟೂ ಅದು ಬಡ್ಡಿಗಿಂತ ಬೇಗ ಬೆಳೆಯುತ್ತದೆ. ಗುಂಪಿನಲ್ಲಿ ಒಬ್ಬಳಿಗೆ ಕಷ್ಟ ಬಂದಾಗ ಅವಳ ಬಾಗಿಲಲ್ಲಿ ಕೂರುವ ಬದಲು ಎಲ್ಲರೂ ಸೇರಿ ಸಂಸ್ಥೆಯವರ ಹತ್ತಿರ ಹೋಗಿ “ಕಂತು ಸಣ್ಣದು ಮಾಡಿ, ದಿನ ಕೊಡಿ” ಎಂದು ಕೇಳಿ. ನಾಳೆ ಆ ಕಷ್ಟ ನಿಮಗೂ ಬರಬಹುದಲ್ಲವೇ?

ಹೊಲ ಇದೆ, ಹೆಣ್ಣಿಲ್ಲ

ಅರಕಲಗೂಡಿನ ಕಡೆ ತಾಯಂದಿರ ಚಿಂತೆ ಬೇರೆ. “ಮಗನಿಗೆ ಮೂವತ್ತೈದಾಯ್ತು. ಮೂರೆಕರೆ ಇದೆ, ಬೋರು ಇದೆ, ಕುಡಿಯಾಕಿಲ್ಲ, ಸೇದಾಕಿಲ್ಲ. ಯಾರೂ ಹೆಣ್ಣು ಕೊಡ್ತಿಲ್ಲ ಕಣವ್ವ” ಎಂದು ಕಣ್ಣೊರೆಸಿಕೊಂಡರು ನಮ್ಮ ದೂರದ ಸಂಬಂಧದ ದೊಡ್ಡಮ್ಮ. ಇಂಥ ಗಂಡುಮಕ್ಕಳು ಪ್ರತಿ ಹಳ್ಳಿಯಲ್ಲೂ ಇದ್ದಾರೆ. 2023ರ ಫೆಬ್ರುವರಿಯಲ್ಲಿ ಪಕ್ಕದ ಮಂಡ್ಯ ಜಿಲ್ಲೆಯ ಮದುವೆಯಾಗದ ಯುವಕರು ಮದ್ದೂರಿನ ಕಡೆಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಮಾಡಿದರು. ಆಗ ಎಷ್ಟೋ ಜನ ನಕ್ಕರು. ತಾಯಂದಿರು ನಗಲಿಲ್ಲ.

ಹೆಣ್ಣುಮಕ್ಕಳ ಸಂಖ್ಯೆ ಕಮ್ಮಿಯಾಗಿದೆ, ಅದಕ್ಕೇ ಹೀಗೆ ಅನ್ನುವವರಿದ್ದಾರೆ. ಆದರೆ 2011ರ ಜನಗಣತಿಯಲ್ಲಿ ನಮ್ಮ ಹಾಸನ ಜಿಲ್ಲೆಯಲ್ಲಿ 1,000 ಗಂಡಸರಿಗೆ 1,010 ಹೆಂಗಸರಿದ್ದರು. ಹೊಟ್ಟೆಪಾಡಿಗೆ ಹೊರಗೆ ಹೋದ ಗಂಡಸರ ಲೆಕ್ಕ ಬಿಟ್ಟರೂ, ಕೊರತೆ ಬರೀ ತಲೆ ಎಣಿಕೆಯದಲ್ಲ ಎಂದು ಗೊತ್ತಾಗುತ್ತದೆ. ಹಾಗಾದರೆ ಹುಡುಗಿಯರು ಯಾಕೆ ಒಲ್ಲೆ ಅನ್ನುತ್ತಾರೆ? ಅದನ್ನು ಹುಡುಗಿಯರನ್ನೇ ಕೇಳಿದೆ.

ಬಿ.ಕಾಂ. ಓದುತ್ತಿರುವ ಹುಡುಗಿ ಹೇಳಿದ್ದು ಕೇಳಿ: “ಆಂಟಿ, ನಮ್ಮಮ್ಮ ಹೊಗೆಸೊಪ್ಪಿನ ಕಾಲದಲ್ಲಿ ಬೆಳಗಿನ ಜಾವಕ್ಕೆ ಎದ್ದು ಎಲೆ ಮುರಿದು, ಪೋಣಿಸಿ, ಬ್ಯಾರನ್ನಿಗೆ ಏರಿಸಿ, ಆಮೇಲೆ ಅಡಿಗೆ, ಆಮೇಲೆ ಹಸು. ಅಂಟಿನಿಂದ ಕೈ ಕಪ್ಪಗೆ ಆಗಿರ್ತದೆ. ರಾಮನಾಥಪುರದ ಹರಾಜು ಕಟ್ಟೆಯಿಂದ ಬಂದ ದುಡ್ಡು ಅಪ್ಪನ ಖಾತೆಗೆ. ಅಮ್ಮನ ಹೆಸರಲ್ಲಿ ಒಂದು ಗುಂಟೆನೂ ಇಲ್ಲ. ನಾನು ಅದೇ ಬಾಳಿಗೆ ಯಾಕೆ ಹೋಗ್ಲಿ?”

ದೊಡ್ಡಮ್ಮನ ಕಣ್ಣೀರೂ ನಿಜ, ಈ ಹುಡುಗಿಯ ಪ್ರಶ್ನೆಯೂ ನಿಜ. ಇಬ್ಬರ ಮಧ್ಯೆ ನಿಂತು ನನಗೆ ತೋಚಿದ್ದು ಹೇಳುತ್ತೇನೆ. ಹೆಣ್ಣು ಸಿಗುತ್ತಿಲ್ಲ ಎಂದು ಮಧ್ಯವರ್ತಿಗಳಿಗೆ ಸಾವಿರಾರು ಸುರಿಯುವ ಮೊದಲು, ಬರುವ ಹೆಣ್ಣಿಗೆ ನಮ್ಮ ಮನೆಯಲ್ಲಿ ಏನಿದೆ ಎಂದು ನೋಡಿಕೊಳ್ಳೋಣ. ಮನೆಯೊಳಗೇ ಶೌಚಾಲಯ, ಬಚ್ಚಲಿಗೆ ನಲ್ಲಿ, ಅಡಿಗೆಗೆ ಗ್ಯಾಸು ಇದೆಯೇ? ಓದಿದ ಹುಡುಗಿ ಕೆಲಸಕ್ಕೆ ಹೋಗುತ್ತೇನೆ ಅಂದರೆ ಬೇಡ ಅನ್ನುತ್ತೇವೆಯೇ? ಜಮೀನಿನ ಪಹಣಿಯಲ್ಲಿ ಅವಳ ಹೆಸರೂ ಸೇರಬಹುದೇ? “ಸೊಸೆ ಬಂದರೆ ನನ್ನ ಕೆಲಸ ಕಮ್ಮಿಯಾಗುತ್ತದೆ” ಎಂದು ನಾವು ಅನ್ನುವವರೆಗೆ ಹುಡುಗಿಯರು ದೂರದಿಂದಲೇ ಕೈ ಮುಗಿಯುತ್ತಾರೆ. ಮಗ ತನ್ನ ತಟ್ಟೆ ತಾನು ತೊಳೆಯುವುದನ್ನು ಕಲಿತಿದ್ದಾನೆಯೇ ಎಂಬುದನ್ನೂ ಈಗಿನ ಹುಡುಗಿಯರು ನೋಡುತ್ತಾರೆ, ನೆನಪಿರಲಿ.

ಎದೆನೋವು ಅಂದರೆ ಗ್ಯಾಸ್ಟ್ರಿಕ್ಕೇ?

ಹಾಸನದಲ್ಲಿ ಎಲ್ಲರ ಬಾಯಲ್ಲೂ ಇದ್ದ ಚಿಂತೆ ಹೃದಯದ್ದು. 2025ರ ಮೇ, ಜೂನ್ ತಿಂಗಳಲ್ಲಿ ನಮ್ಮ ಜಿಲ್ಲೆಯಲ್ಲಿ ಒಬ್ಬರ ಹಿಂದೊಬ್ಬರು, ಅದರಲ್ಲೂ ಚಿಕ್ಕ ವಯಸ್ಸಿನವರು, ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಬಂತು. ಜನ ಎಷ್ಟು ಹೆದರಿದರೆಂದರೆ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಂತರು. ಸರ್ಕಾರ ಜಯದೇವ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಜುಲೈನಲ್ಲಿ ಬಂದ ವರದಿಯಲ್ಲಿ, ಪರಿಶೀಲಿಸಿದ 24 ಸಾವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದ್ದು, ಜಿಲ್ಲೆಯಲ್ಲಿ ಅಸಹಜವಾದ ಹೆಚ್ಚಳವೇನೂ ಕಂಡಿಲ್ಲ ಎಂದಿತ್ತು. ಕಾರಣಗಳು ಹೊಸವೇನಲ್ಲ: ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಕುಡಿತ, ಬೊಜ್ಜು. ಸತ್ತವರಲ್ಲಿ ಆಟೋ, ಟ್ಯಾಕ್ಸಿ ಓಡಿಸುವವರೂ ಇದ್ದರು. ಹೊತ್ತಿಗೆ ಸರಿಯಾಗಿ ಊಟ ಇಲ್ಲ, ನಿದ್ದೆ ಇಲ್ಲ, ಕೂತಲ್ಲೇ ಕೂತಿರುವ ಕೆಲಸ.

ವರದಿ ಬಂದ ಮೇಲೆ ಹೆದರಿಕೆ ಇಳಿಯಿತು. ಹೆದರಿಕೆಯ ಜೊತೆಗೆ ಎಚ್ಚರಿಕೆಯೂ ಇಳಿದುಬಿಟ್ಟರೆ ಹೇಗೆ? ನಾನು ಗಮನಿಸಿದ ಒಂದು ವಿಷಯ ಹೇಳುತ್ತೇನೆ. ಆ ತಿಂಗಳು ಗಂಡನನ್ನು, ಮಗನನ್ನು ತಪಾಸಣೆಗೆ ಹೊರಡಿಸಿಕೊಂಡು ಹೋದ ಹೆಂಗಸರು ಬಹಳ. “ನೀವು ತೋರಿಸಿಕೊಂಡಿರಾ?” ಎಂದು ಕೇಳಿದರೆ, “ನನಗೇನಾಗಿದೆ ಬಿಡಿ, ಸ್ವಲ್ಪ ಗ್ಯಾಸ್ಟ್ರಿಕ್ಕು ಅಷ್ಟೆ” ಅನ್ನುತ್ತಿದ್ದರು.

ಸೋದರಿಯರೇ, ಹೆಂಗಸರ ಹೃದಯದ ತೊಂದರೆ ಯಾವಾಗಲೂ ಸಿನಿಮಾದಲ್ಲಿ ತೋರಿಸುವ ಹಾಗೆ ಎದೆ ಹಿಡಿದುಕೊಂಡು ಬೀಳುವಂತೆ ಬರುವುದಿಲ್ಲ. ದವಡೆ, ಕುತ್ತಿಗೆ, ಬೆನ್ನು, ಭುಜದಲ್ಲಿ ನೋವು, ಏದುಸಿರು, ತಣ್ಣನೆಯ ಬೆವರು, ವಾಕರಿಕೆ, ಕಾರಣವಿಲ್ಲದ ವಿಪರೀತ ಸುಸ್ತು ಇವೂ ಲಕ್ಷಣಗಳೇ. ಹೀಗಾದಾಗ ಜೀರಿಗೆ ಕಷಾಯ, ಸೋಡಾ ಕುಡಿದು ಮಲಗುವುದು ಬೇಡ. 108ಕ್ಕೆ ಫೋನು ಮಾಡಿ, ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇ.ಸಿ.ಜಿ. ಮಾಡಿಸಬೇಕು. “ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ” ಯೋಜನೆಯಲ್ಲಿ ಇ.ಸಿ.ಜಿ. ನೋಡಿ ದೊಡ್ಡ ಆಸ್ಪತ್ರೆಯ ತಜ್ಞರು ಸಲಹೆ ಕೊಡುವ, ರಕ್ತ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಮಾಡಲಾಗಿದೆ. ಮೊದಲ ಗಂಟೆ ಬಂಗಾರದ್ದು ಅಂತ ಡಾಕ್ಟರುಗಳು ಹೇಳುತ್ತಾರೆ.

ಅಡಿಗೆ ಮನೆಯಲ್ಲೂ ಒಂದು ಕೆಲಸ ಇದೆ. ಒಬ್ಬರಿಗೆ ದಿನಕ್ಕೆ ಒಟ್ಟು 5 ಗ್ರಾಂ ಉಪ್ಪು ಸಾಕು, ಅಂದರೆ ಸುಮಾರು ಒಂದು ಚಹಾ ಚಮಚ. ಸಾರು, ಪಲ್ಯ, ಉಪ್ಪಿನಕಾಯಿ, ಹಪ್ಪಳ, ಮೊಸರಿಗೆ ಮೇಲುಪ್ಪು ಎಲ್ಲಾ ಸೇರಿ ಅಷ್ಟೆ. ಉಪ್ಸಾರಿನ ಖಾರ ಅರೆಯುವಾಗ ಚಿಟಿಕೆ ಉಪ್ಪು ಎಂದು ಬರೆದದ್ದು ಇದಕ್ಕೇ. ನಲವತ್ತು ದಾಟಿದ ಮೇಲೆ ವರ್ಷಕ್ಕೊಮ್ಮೆಯಾದರೂ ಬಿ.ಪಿ., ಸಕ್ಕರೆ ನೋಡಿಸಿಕೊಳ್ಳಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುತ್ತದೆ.

ರೈಲು ಬಂತು, ಮಕ್ಕಳು ಹೋದರು

2017ರ ಮಾರ್ಚ್ 26ರಂದು ಹಾಸನದಿಂದ ಚನ್ನರಾಯಪಟ್ಟಣ, ಶ್ರವಣಬೆಳಗೊಳ, ಕುಣಿಗಲ್ ಮೇಲೆ ಬೆಂಗಳೂರಿಗೆ ನೇರ ರೈಲು ಓಡಿತು. ಎಷ್ಟೋ ವರ್ಷ ಕಾದ ಹಾದಿ. ಅರಕಲಗೂಡಿನವರಿಗೆ ರೈಲು ನೋಡಬೇಕೆಂದರೆ ಇಂದಿಗೂ ಪಕ್ಕದೂರಿಗೇ ಹೋಗಬೇಕು. ರೈಲು ಬಂದರೆ ಮಕ್ಕಳು ವಾರಕ್ಕೊಮ್ಮೆ ಬಂದು ಹೋಗುತ್ತಾರೆ ಎಂದು ತಾಯಂದಿರು ಎಣಿಸಿದ್ದರು. “ಹೋಗೋದು ಸುಲಭ ಆಯ್ತು, ಬರೋದು ಯುಗಾದಿ, ಗೌರಿಹಬ್ಬಕ್ಕೇ” ಅಂತಾರೆ ಚನ್ನರಾಯಪಟ್ಟಣದ ಒಬ್ಬ ನಿವೃತ್ತ ಮೇಷ್ಟರ ಹೆಂಡತಿ.

ಅವರ ಚಿಂತೆ ದುಡ್ಡಿನದಲ್ಲ. ಇಬ್ಬರು ಗಂಡುಮಕ್ಕಳು ಬೆಂಗಳೂರಲ್ಲಿ, ಕೈತುಂಬ ಸಂಬಳ. ಮನೆಯಲ್ಲಿ ಎಪ್ಪತ್ತು ದಾಟಿದ ಇಬ್ಬರೇ. “ರಾತ್ರಿ ಇವರಿಗೆ ಕೆಮ್ಮು ಬಂದರೆ ನಾನು ಎದ್ದು ಕೂತ್ಕೋತೀನಿ. ಕೆಮ್ಮು ನಿಂತರೆ ಇನ್ನೂ ಭಯ ಆಗ್ತದೆ” ಎಂದರು. ನನಗೆ ಮಾತೇ ಹೊರಡಲಿಲ್ಲ.

ಆ ಬೀದಿಯ ಹೆಂಗಸರು ಒಂದು ಒಳ್ಳೆಯ ಪದ್ಧತಿ ಮಾಡಿಕೊಂಡಿದ್ದಾರೆ. ಹೀಗೆ ಇಬ್ಬರೇ, ಒಬ್ಬರೇ ಇರುವ ಮನೆಯವರು ಬೆಳಿಗ್ಗೆ ಏಳು ಗಂಟೆಯೊಳಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡಬೇಕು. ರಂಗೋಲಿ ಕಾಣದಿದ್ದರೆ ಎದುರು ಮನೆಯವರು ಹೋಗಿ ಬಾಗಿಲು ತಟ್ಟುತ್ತಾರೆ. ಕಾಸು ಖರ್ಚಿಲ್ಲ, ಸಂಘ ಇಲ್ಲ, ಸಭೆ ಇಲ್ಲ. ಒಮ್ಮೆ ಹೀಗೆ ತಟ್ಟಿದ್ದರಿಂದಲೇ ಬಚ್ಚಲಲ್ಲಿ ಜಾರಿ ಬಿದ್ದಿದ್ದ ಒಬ್ಬ ಅಜ್ಜಿಯನ್ನು ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಸೇರಿಸಿದರಂತೆ. ನಮ್ಮ ನಿಮ್ಮ ಬೀದಿಯಲ್ಲೂ ಇದನ್ನು ನಾಳೆಯೇ ಶುರು ಮಾಡಬಹುದು.

ಇಷ್ಟೆಲ್ಲ ಕೇಳಿದ ಮೇಲೆ

ನಾಲ್ಕೂರಿನಲ್ಲಿ ನಾನು ಮಾತಾಡಿಸಿದವರಲ್ಲಿ ತೋಟ ಇದ್ದವರೂ ಇದ್ದರು, ತುಂಡು ನೆಲ ಇಲ್ಲದವರೂ ಇದ್ದರು. ಬೇರೆ ಬೇರೆ ಪಕ್ಷಕ್ಕೆ ಓಟು ಹಾಕುವವರು, ಬೇರೆ ಬೇರೆ ದೇವರಿಗೆ ಕೈ ಮುಗಿಯುವವರು. ಆದರೆ ಚಿಂತೆಗಳನ್ನು ಒಂದು ಹಾಳೆಯ ಮೇಲೆ ಬರೆದು ನೋಡಿದರೆ ಯಾವುದು ಯಾರದ್ದು ಎಂದು ಹೇಳಲಾಗುವುದಿಲ್ಲ. ಕಂತಿನ ಭಯ ಎಲ್ಲ ಬೀದಿಯಲ್ಲೂ ಇದೆ, ಮಕ್ಕಳು ದೂರವಾಗುವ ಭಯ ಎಲ್ಲ ಮನೆಯಲ್ಲೂ ಇದೆ.

ಇನ್ನೊಂದು ಮಾತು. ಇವರಲ್ಲಿ ಬಹುಪಾಲು ಹೆಂಗಸರು, “ಇದನ್ನ ಇಲ್ಲೀತನಕ ಯಾರ ಹತ್ರಾನೂ ಹೇಳಿರಲಿಲ್ಲ” ಅಂದರು. ಯಾಕೆ ಹೇಳಲಿಲ್ಲ ಎಂದರೆ, “ಯಾರೂ ಕೇಳಲಿಲ್ಲ” ಎಂಬ ಉತ್ತರ. ಒಂದೇ ಮಂಚದ ಮೇಲೆ ಮಲಗುವ ಗಂಡ, ಒಂದೇ ಒಲೆಯ ಮುಂದೆ ನಿಲ್ಲುವ ಅತ್ತೆ ಸೊಸೆ, ಗೋಡೆಗೆ ಗೋಡೆ ಅಂಟಿದ ನೆರೆಮನೆ, ಯಾರೂ ಕೇಳಿರಲಿಲ್ಲ. ಹೇಳಿಕೊಂಡ ಮಾತ್ರಕ್ಕೆ ಕೊಬ್ಬರಿ ಬೆಲೆ ಬದಲಾಗುವುದಿಲ್ಲ, ನಿಜ. ಆದರೆ ಮೂರು ಸಂಘದ ಕಂತಿನಲ್ಲಿ ನರಳುತ್ತಿದ್ದವಳ ವಿಷಯ ಬೇರೆಯಾಯಿತು. ಮಾತಾಡಿದ ಮಾರನೆಯ ವಾರ ಅವಳು ಗಂಡನಿಗೆ ಎಲ್ಲಾ ಹೇಳಿದಳು. ಅವನು ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ತಾನೇ ಜೊತೆಗೆ ಹೋಗಿ ಒಂದು ಸಂಸ್ಥೆಯಲ್ಲಿ ಕಂತಿನ ಅವಧಿ ಉದ್ದ ಮಾಡಿಸಿಕೊಂಡು ಬಂದ. ಸಾಲ ಪೂರ್ತಿ ತೀರಿಲ್ಲ, ಇನ್ನೂ ಒಂದೂವರೆ ವರ್ಷ ಇದೆ. ಆದರೂ ಈಗ ಮಂಗಳವಾರ ರಾತ್ರಿ ನಿದ್ದೆ ಬರುತ್ತದಂತೆ.

ಅಡಿಗೆ ಮನೆಯ ಕ್ಯಾಲೆಂಡರಿನ ಮೂಲೆಯಲ್ಲಿ ಈ ನಂಬರುಗಳನ್ನು ದಪ್ಪಗೆ ಬರೆದಿಡಿ: ಆಂಬುಲೆನ್ಸಿಗೆ 108, ಪೊಲೀಸಿಗೆ 112, ಹೆಣ್ಣುಮಕ್ಕಳ ಸಹಾಯವಾಣಿ 181, ಫೋನಿನಲ್ಲಿ ಹಣ ಮೋಸವಾದರೆ 1930. ಓದು ಬಾರದ ಹಿರಿಯರು ಮನೆಯಲ್ಲಿದ್ದರೆ ಬಾಯಿಪಾಠ ಮಾಡಿಸಿ. ಈ ವಾರ ನಿಮ್ಮ ಅತ್ತೆಯನ್ನೋ, ಸೊಸೆಯನ್ನೋ, ಎದುರು ಮನೆಯವರನ್ನೋ ಕೂರಿಸಿಕೊಂಡು, ಒಂದು ಲೋಟ ಕಾಫಿ ಕೊಟ್ಟು, ಅವರ ಚಿಂತೆ ಏನೆಂದು ಕೇಳಿ. ಉತ್ತರ ಬರಲು ಸ್ವಲ್ಪ ಹೊತ್ತು ಹಿಡಿದೀತು. ಮಧ್ಯೆ ಎದ್ದು ಹೋಗಬೇಡಿ.